ಜೀನಿನೊಳಗಿನ ಮರ

ಅಮೆರಿಕದ ಪಶ್ಚಿಮ ಸೀಮೆಯ ಹಳೆಯ ಜೀನನ್ನು ನೋಡಿದವರ ಕಣ್ಣು ಮೊದಲು ಹೋಗುವುದು ತೊಗಲಿನ ಮೇಲೆ ಕೆತ್ತಿದ ಹೂಬಳ್ಳಿಗೆ. ಅಂಥದ್ದನ್ನು ಮತ್ತೆ ಕಟ್ಟಲು ಹೊರಟವರೂ ಎಷ್ಟೋ ಸಲ ಅಲ್ಲಿಂದಲೇ ಶುರುಮಾಡುತ್ತಾರೆ. ನನ್ನ ಪ್ರೀತಿ ಒಳಗೆ ಅಡಗಿರುವ ಮರದ ಮೇಲೆ. ಮುಂದೆ ಕವಲಿನಂಥ ಒಂದು ತುಂಡು, ಹಿಂದೆ ಸವಾರನಿಗೆ ಆನಿಕೆಯಾಗುವ ಇನ್ನೊಂದು, ಕುದುರೆಯ ಬೆನ್ನುಮೂಳೆಯ ಎಡಬಲಕ್ಕೆ ಕೂರುವ ಎರಡು ಹಲಗೆ. ಇವನ್ನು ಜೋಡಿಸಿ, ನೆನೆಸಿದ ಹಸಿ ತೊಗಲನ್ನು ಬಿಗಿಯಾಗಿ ಹೊದಿಸಿ ಹೊಲಿಯುತ್ತಾರೆ. ಒಣಗುತ್ತ ಒಣಗುತ್ತ ತೊಗಲು ಕುಗ್ಗಿ ಇಡೀ ಮರವನ್ನು ಒಂದೇ ಕಾಯವಾಗಿ ಹಿಡಿದುಬಿಡುತ್ತದೆ. ಸವಾರ ಬೀಸಿದ ಹಗ್ಗದ ಆ ತುದಿಯಲ್ಲಿ ನಾಲ್ಕು ಕ್ವಿಂಟಾಲಿನ ಹೋರಿ ಜಗ್ಗುವಾಗ ತಡೆದು ನಿಲ್ಲಬೇಕಾದದ್ದು ಈ ಮರ. ಹಾಗಾಗಿ, ಜೀನು ಯಾವ ಕೆಲಸಕ್ಕೆ ಹುಟ್ಟಿತೋ ಅದನ್ನು ಅರಿಯದೆ ಅದರ ರೂಪವನ್ನು ಮರಳಿ ತರಲಾಗದು ಎನ್ನುವುದು ನನ್ನ ವಾದ.

ಸಾಕ್ಷಿ ಬೇಕಾದರೆ ಜೀನಿನ ಮುಂಭಾಗದಲ್ಲಿ ಎದ್ದು ನಿಂತ ಕೊಂಬನ್ನೂ ಜೀನನ್ನು ಕುದುರೆಗೆ ಬಿಗಿಯುವ ಹೊಟ್ಟೆಪಟ್ಟಿಯನ್ನೂ ನೋಡಬೇಕು. ಮೆಕ್ಸಿಕೋದ ವಕೇರೊಗಳ, ಅಂದರೆ ಕುದುರೆಸವಾರ ದನಗಾಹಿಗಳ, ಪದ್ಧತಿ ಉಳಿಸಿಕೊಂಡ ಕ್ಯಾಲಿಫೋರ್ನಿಯಾದ ದನಗಾಹಿಗಳು ಹಸಿ ತೊಗಲಿನ ಎಳೆಗಳಿಂದ ಹೆಣೆದ ಉದ್ದನೆಯ ಹಗ್ಗ ಬೀಸುತ್ತಿದ್ದರು. ಅದು ಒಮ್ಮೆಲೇ ಜಗ್ಗಿದರೆ ಹರಿದುಹೋಗಬಹುದು. ಅದಕ್ಕೇ ದನ ಕುಣಿಕೆಗೆ ಬಿದ್ದ ಮೇಲೆ ಹಗ್ಗವನ್ನು ಕೊಂಬಿಗೆ ಸುತ್ತಿ, ತುಸು ಜಾರಲು ಬಿಟ್ಟು, ಮೆಲ್ಲನೆ ಹತೋಟಿಗೆ ತರುತ್ತಿದ್ದರು. ಸುತ್ತುಗಳಿಗೆ ಜಾಗ ಬೇಕಾಗಿ ಕೊಂಬು ಎತ್ತರವಾಯಿತು. ಜಗ್ಗುವಿಕೆ ಹದವಾಗಿದ್ದರಿಂದ ನಡುವಿನ ಒಂದೇ ಹೊಟ್ಟೆಪಟ್ಟಿ ಸಾಕಾಯಿತು. ಟೆಕ್ಸಾಸಿನವರ ದಾರಿ ಬೇರೆ. ಅವರು ಹಗ್ಗದ ತುದಿಯನ್ನು ಮೊದಲೇ ಕೊಂಬಿಗೆ ಗಂಟುಹಾಕಿರುತ್ತಿದ್ದರು. ಓಡುವ ಹೋರಿ ಹಗ್ಗದ ಅಳತೆ ಮುಗಿಸಿದ ಕ್ಷಣ ಭಾರವೆಲ್ಲ ಒಟ್ಟಿಗೆ ಎರಗಿ ಜೀನಿನ ಹಿಂಭಾಗ ಮೇಲೇಳುತ್ತದೆ; ಅದನ್ನು ಅದುಮಿಡಲು ಹಿಂದೊಂದು ಪಟ್ಟಿ ಬೇಕೇ ಬೇಕು. ಮುಂದೆ ಉತ್ತರದ ಹುಲ್ಲುಗಾವಲಿನ ಜೀನುಗಾರರು ಎರಡೂ ಪದ್ಧತಿಗಳನ್ನು ಬೆರೆಸಿದ್ದು ನಿಜ. ಆ ಬೆರಕೆಯ ಹಿಂದೆಯೂ ಅಲ್ಲಿನ ಸವಾರರ ಅಗತ್ಯವಿತ್ತು. ಚೆಂದಕ್ಕೆಂದು ಇಲ್ಲಿನ ಕೊಂಬನ್ನು ಅಲ್ಲಿನ ಪಟ್ಟಿಗೆ ಸೇರಿಸುವುದು ಬೇರೆಯೇ ಮಾತು, ಹೂಬಳ್ಳಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಸುಳ್ಳು ಜೀನು.

ಮ್ಯೂಸಿಯಂನಲ್ಲಿ ಅಸಲಿಯೇ ಇರುವಾಗ ಹೊಸದನ್ನು ಕಟ್ಟುವುದೇಕೆ ಎಂದು ಕೇಳುವವರಿದ್ದಾರೆ. ಅಸಲಿಯನ್ನು ಬಿಚ್ಚಿ ನೋಡುವಂತಿಲ್ಲ, ಬಿಚ್ಚಲೂ ಬಾರದು. ನೂರು ವರ್ಷ ದಾಟಿದ ತೊಗಲು ಸವಾರನ ಭಾರ ತಾಳುವುದಿಲ್ಲ. ಅಂದಿನ ಅಂಗಡಿಗಳ ಕ್ಯಾಟಲಾಗುಗಳಲ್ಲಿ ಚಿತ್ರವಿದೆ, ಬೆಲೆಯಿದೆ. ಮೊಂಟಾನಾದಲ್ಲಿ ಎಲ್. ಎ. ಹಫ್‌ಮನ್, ಟೆಕ್ಸಾಸಿನಲ್ಲಿ ಅರ್ವಿನ್ ಸ್ಮಿತ್ ತೆಗೆದ ಫೋಟೋಗಳಲ್ಲಿ ಜೀನು ಕುದುರೆಯ ಮೇಲೆ ಕೂತ ಬಗೆ ಕಾಣುತ್ತದೆ. ಇವೆಲ್ಲ ಅಮೂಲ್ಯ, ಆದರೆ ಇವು ಹೊರಮೈಯ ದಾಖಲೆಗಳು. 1860–61ರಲ್ಲಿ ನಡೆದ ಪೋನಿ ಎಕ್ಸ್‌ಪ್ರೆಸ್ ಅಂಚೆಯನ್ನೇ ನೋಡಿ. ನಾಲ್ಕು ಜೇಬುಗಳ ತೊಗಲಿನ ಹೊದಿಕೆ, ಅದರ ಹೆಸರು ಮೊಚೀಲಾ, ಜೀನಿನ ಮೇಲೆ ಸುಮ್ಮನೆ ಹಾಸಿಕೊಂಡಿರುತ್ತಿತ್ತು. ಕುದುರೆ ಬದಲಿಸುವಾಗ ಅದನ್ನು ಕಿತ್ತು ಇನ್ನೊಂದರ ಮೇಲೆ ಎಸೆದರೆ ಟಪಾಲು ಹೊರಟಿತು. ಓದಲು ಇದು ಸುಲಭ. ಆದರೆ ಕೊಂಬು ತೂರುವ ಸೀಳು ಎಷ್ಟಿದ್ದರೆ ಹೊದಿಕೆ ಒಂದೇ ಸೆಳೆತಕ್ಕೆ ಕಳಚುತ್ತದೆ, ಎಷ್ಟಾದರೆ ನಾಗಾಲೋಟದಲ್ಲಿ ಜಾರುತ್ತದೆ? ಇದು ತೊಗಲು ಕತ್ತರಿಸಿ, ಕುದುರೆ ಓಡಿಸಿದವರಿಗೆ ಮಾತ್ರ ಗೊತ್ತಾಗುವ ಸಂಗತಿ. ಕೈಕೆಲಸವೂ ಸಂಶೋಧನೆಯೇ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಇಂದಿನ ಕ್ವಾರ್ಟರ್ ಹಾರ್ಸ್ ತಳಿಯ ಬೆನ್ನು ಅಂದಿನ ಬಯಲು ಕುದುರೆಗಳದಕ್ಕಿಂತ ಸಾಮಾನ್ಯವಾಗಿ ಅಗಲ. ಹಳೆಯ ಅಳತೆಯ ಹಲಗೆ ಅದನ್ನು ಕಚ್ಚಿ ಹುಣ್ಣುಮಾಡುತ್ತದೆ. ಹಾಗಾದರೆ ನಿಷ್ಠೆ ಇತಿಹಾಸಕ್ಕೋ, ಕುದುರೆಗೋ? ನನ್ನ ಉತ್ತರದಲ್ಲಿ ಅನುಮಾನವಿಲ್ಲ, ಕುದುರೆಗೆ. ಹಲಗೆಯ ಕೋನ ಬದಲಿಸಿದ್ದರಿಂದ ಜೀನು ಸುಳ್ಳಾಗುವುದಿಲ್ಲ, ಬದಲಿಸಿದ್ದನ್ನು ಮುಚ್ಚಿಟ್ಟರೆ ಆಗುತ್ತದೆ. ಹೊಸ ಜೀನುಗಳು ಹಳೆಯವೆಂದು ಮಾರಾಟವಾದಾವು ಎಂಬ ಭಯಕ್ಕೂ ಮದ್ದು ಇದೇ. ಅಂದಿನ ಜೀನುಗಾರರು ತಮ್ಮ ಹೆಸರನ್ನು ತೊಗಲಿನಲ್ಲಿ ಒತ್ತುತ್ತಿದ್ದರು. ಈಗ ಕಟ್ಟುವವರು ಅವರ ಮುದ್ರೆಯನ್ನು ಕದಿಯದೆ ತಮ್ಮದನ್ನೇ ಒತ್ತಲಿ, ಜೊತೆಗೆ ಇಸವಿಯನ್ನೂ ಹಾಕಲಿ, ಎಲ್ಲೆಲ್ಲಿ ಏನನ್ನು ಬದಲಿಸಿದೆವೆಂದು ಒಂದು ಕಾಗದದಲ್ಲಿ ಬರೆದು ಜೀನಿನ ಜೊತೆಗೇ ಕೊಡಲಿ.