ಒಂದೇ ಈಡು

ಧಾರವಾಡ ಜಿಲ್ಲೆಯೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ನವಲಗುಂದ, ಅಣ್ಣಿಗೇರಿಗಳ ಎರೆಯ ಬಯಲು. ಕಣ್ಣು ಹಾಯುವವರೆಗೆ ಹತ್ತಿ, ಕಡಲೆ, ಬಿಳಿಜೋಳ; ನಡುವೆ ನೆರಳಿಗೆಂದು ಎಲ್ಲೋ ಒಂದು ಬೇವು, ಇಲ್ಲವೆ ಜಾಲಿ. ಆದರೆ ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದು ಕಲಘಟಗಿಯ ಕಡೆಗೆ ಹೊರಟವನಿಗೆ ಬೇರೊಂದು ಧಾರವಾಡ ಕಾಣಸಿಗುತ್ತದೆ. ಕರಿಯ ನೆಲ ಮೆಲ್ಲನೆ ಕೆಂಪಾಗುತ್ತದೆ. ಜೋಳದ ಹೊಲದ ಜಾಗದಲ್ಲಿ ಭತ್ತದ ಗದ್ದೆಗಳು ಬರುತ್ತವೆ. ಬೇಡ್ತಿಯ ಹಳ್ಳದ ಆಚೆಗೆ ಅಡವಿ ಹೊಲದ ಬದುವಿನವರೆಗೂ ಬಂದು ನಿಂತಿರುತ್ತದೆ. ಬಯಲಿನ ರೈತ ಮುಗಿಲನ್ನಷ್ಟೇ ನೋಡಿ ಬದುಕಬೇಕು. ಇಲ್ಲಿಯ ರೈತ ಹಗಲು ಮುಗಿಲನ್ನು ನೋಡಿ, ಇರುಳು ಅಡವಿಗೆ ಕಿವಿಗೊಡಬೇಕು. ಹಿಂಡು ಕಟ್ಟಿಕೊಂಡು ಬರುವ ಕಾಡುಹಂದಿಗಳಿಗೆ ಒಂದು ರಾತ್ರಿ ಸಾಕು. ನಾಲ್ಕು ತಿಂಗಳ ದುಡಿಮೆ ಬೆಳಗಾಗುವುದರೊಳಗೆ ಮಣ್ಣುಪಾಲಾಗಿರುತ್ತದೆ.

ಆದುದರಿಂದಲೇ ಈ ಸೀಮೆಯ ಕೆಲವು ಹಳೆಯ ಮನೆಗಳ ಪಡಸಾಲೆಯಲ್ಲಿ, ದೇವರ ಪಟಗಳ ಸಾಲಿಗೆ ಸ್ವಲ್ಪ ದೂರವಾಗಿ, ಎರಡು ಗೂಟಗಳ ಮೇಲೆ ಒಂದು ಉದ್ದನೆಯ ಬಂದೂಕು ಮಲಗಿರುತ್ತಿತ್ತು. ಅಂಥದೊಂದು ಮನೆಯ ಅಜ್ಜನ ಕಥೆಯಿದು.

ಬಂದೂಕನ್ನು ಮನೆಗೆ ತಂದವನು ಅಜ್ಜನ ತಂದೆ. ಧಾರವಾಡವು ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ. ಅದು ಬಾಯಿಯಿಂದ ಮದ್ದು ತುಂಬುವ ಕೇಪಿನ ಬಂದೂಕು. ಒಮ್ಮೆ ಅದರ ಕಟ್ಟಿಗೆ ಸೀಳಿದಾಗ, ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವ ಬಡಿಗನೊಬ್ಬನು ಹೊಸ ಕಟ್ಟಿಗೆಯನ್ನು ಕೂರಿಸಿಕೊಟ್ಟನಂತೆ. ತೊಟ್ಟಿಲಿಗೆ ಹಚ್ಚುವ ಅರಗಿನ ಬಣ್ಣ ಮಿಕ್ಕಿದ್ದನ್ನು ಅದಕ್ಕೂ ಒಂದು ಕೈ ಸವರಿದ್ದನು. ಮಗುವನ್ನು ತೂಗುವ ಮರಕ್ಕೂ ಪ್ರಾಣ ತೆಗೆಯುವ ಮರಕ್ಕೂ ಒಂದೇ ಕೆಂಪು. ಮಹಾನವಮಿಯ ಖಂಡೇಪೂಜೆಯ ದಿನ ಕುಡ, ಕುಡಗೋಲು, ಕೊಡಲಿಗಳ ಜೊತೆಗೆ ಅದೂ ಗೂಟದಿಂದಿಳಿದು ವಿಭೂತಿ ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತು.

ಆ ಬಂದೂಕಿಗೆ ಈಡು ತುಂಬುವುದೆಂದರೆ ಒಂದು ಸಣ್ಣ ವ್ರತವೇ ಸರಿ. ಮೊದಲು ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೊಂಬಿನಿಂದ ಕರಿಮದ್ದನ್ನು ಅಳತೆಯ ಕೊಳವೆಗೆ ಸುರುವಿಕೊಳ್ಳಬೇಕು. ಅಳತೆ ತಪ್ಪಬಾರದು, ಕಡಿಮೆಯಾದರೆ ಗುಂಡು ಹೋಗಿ ಮುಟ್ಟದು, ಹೆಚ್ಚಾದರೆ ನಳಿಗೆ ಸಿಡಿದು ಹೊಡೆಯುವವನನ್ನೇ ಹೊಡೆದೀತು. ಮದ್ದಿನ ಮೇಲೆ ಹಳೆಯ ಧೋತರದ ಚಿಂದಿಯ ಉಂಡೆಯನ್ನಿಟ್ಟು ಗಜದಿಂದ ಒತ್ತಬೇಕು. ಆಮೇಲೆ ಸೀಸದ ಗುಂಡು, ಅದು ಉರುಳಿ ಹೊರಬೀಳದಂತೆ ಮತ್ತೊಂದು ಚಿಂದಿ, ಮತ್ತೆ ಗಜ. ಎಲ್ಲಕ್ಕೂ ಕೊನೆಯದಾಗಿ ತಾಮ್ರದ ಪುಟ್ಟ ಟೊಪ್ಪಿಗೆಯಂತಿರುವ ಕೇಪನ್ನು, ಕಿಡಿಯನ್ನು ಒಳಕ್ಕೊಯ್ಯುವ ಚಿಕ್ಕ ಕೊಳವೆಯ ತುದಿಗೆ ತೊಡಿಸಬೇಕು. ಕುದುರೆಯನ್ನೆತ್ತಿ ಕೀಲನ್ನೆಳೆದರೆ ಅದು ಕೇಪಿನ ಮೇಲೆ ಬಡಿದು ಕಿಡಿ ಹಾರುತ್ತದೆ. ಅನಂತರ ಒಂದು ಗಳಿಗೆ ಬಿಳಿಯ ಹೊಗೆಯ ಹೊರತು ಏನೂ ಕಾಣದು. ಹಾರಿಸಿದ ಮರುದಿನ ಬಿಸಿನೀರಿನಿಂದ ನಳಿಗೆಯನ್ನು ತೊಳೆದು, ಒರೆಸಿ, ಎಣ್ಣೆ ಸವರದಿದ್ದರೆ ಮದ್ದಿನ ಮಸಿ ತೇವವನ್ನೀಂಟಿ ಕಬ್ಬಿಣವನ್ನು ತಿಂದುಬಿಡುತ್ತದೆ.

ಅಜ್ಜನ ಮೊಮ್ಮಗ ಬಾಲಕನಾಗಿದ್ದಾಗ ಹುಬ್ಬಳ್ಳಿಯ ಚಿತ್ರಮಂದಿರದಲ್ಲಿ ಅಮೆರಿಕದ ದನಗಾಹಿಗಳ ಚಿತ್ರವೊಂದನ್ನು ನೋಡಿ ಬಂದನು. ಅದರ ನಾಯಕನ ಕೈಯಲ್ಲಿ 1873ರ ಮಾದರಿಯ ವಿಂಚೆಸ್ಟರ್ ಬಂದೂಕು. ನಳಿಗೆಯ ಕೆಳಗಿನ ಕೊಳವೆಯಲ್ಲಿ ಹತ್ತು ಹನ್ನೆರಡು ತೋಟೆಗಳು. ಕೈಬೆರಳು ಸೇರಿಸಿದ ಕಬ್ಬಿಣದ ಬಳೆಯನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ ಹಳೆಯ ತೋಟೆ ಹೊರಗೆ, ಹೊಸದು ಒಳಗೆ. ಆ ದೇಶದಲ್ಲಿ ಇಂದಿಗೂ ಅಂಥ ಹಳೆಯ ಬಂದೂಕುಗಳನ್ನು ಮುದ್ದಿನಿಂದ ಸಾಕುವವರಿದ್ದಾರೆ. ಹಾರಿಸಿದ ತೋಟೆಯ ಹಿತ್ತಾಳೆಯ ಕೋಶವನ್ನೆಸೆಯದೆ, ಹೊಸ ಕೇಪು ಕೂರಿಸಿ, ಮದ್ದನ್ನಳೆದು ಹಾಕಿ, ಸೀಸವನ್ನೊತ್ತಿ ಮನೆಯಲ್ಲಿಯೇ ಮತ್ತೆ ತುಂಬಿಕೊಳ್ಳುವವರಿದ್ದಾರೆ. ಬಾಲಕನಿಗೆ ಇದೆಲ್ಲ ತಿಳಿದಿರಲಿಲ್ಲ. ಅವನಿಗೆ ಕಂಡದ್ದು ಕಣ್ಣು ಮಿಟುಕಿಸುವುದರೊಳಗೆ ಹಾರುವ ಹನ್ನೆರಡು ಗುಂಡುಗಳು ಮಾತ್ರ.

“ಅಜ್ಜಾ, ನಿನ್ನ ಬಂದೂಕಿನ್ಯಾಗ ಒಂದ ಈಡು. ಅದೂ ತುಂಬೂದ್ರಾಗ ಹಂದಿ ತಮ್ಮ ಊರಿಗೆ ಹೋಗಿ ಮುಟ್ತಾವು” ಎಂದನು.

ಅಜ್ಜ ನಕ್ಕನು. “ತಮ್ಮಾ, ಒಂದು ಈಡಿಗೂ ಇನ್ನೊಂದು ಈಡಿಗೂ ನಡುವ ಮನುಷ್ಯಾಗ ವಿಚಾರ ಮಾಡಾಕ ಹೊತ್ತು ಬೇಕಲ್ಲೋ” ಎಂದನು.

ಬಾಲಕನಿಗೆ ಈ ಮಾತು ಸೋತವನ ಸಮಾಧಾನದಂತೆ ಕೇಳಿಸಿತು. ಅದಕ್ಕೆ ಕಾರಣವೂ ಇತ್ತು. ಅಜ್ಜನು ವರುಷಗಟ್ಟಲೆ ಮಂಚಿಕೆಯ ಮೇಲೆ ರಾತ್ರಿ ಕಳೆದು, ಸುಗ್ಗಿಗೊಮ್ಮೆ ನಾಲ್ಕೈದು ಸಲ ಬಂದೂಕು ಹಾರಿಸಿದ್ದರೂ ಒಂದು ಹಂದಿಯೂ ಬಿದ್ದುದನ್ನು ಯಾರೂ ಕಂಡಿರಲಿಲ್ಲ. “ಗೌಡರ ಬಂದೂಕು ಬರೇ ಸಪ್ಪಳಕ್ಕ” ಎಂಬುದು ಊರಿನಲ್ಲಿ ಒಂದು ಗಾದೆಯೇ ಆಗಿಹೋಗಿತ್ತು. ಶಾಲೆಯ ಹುಡುಗರು ಅದನ್ನೇ ಹೇಳಿ ನಗುವಾಗ ಬಾಲಕನು ತಲೆ ತಗ್ಗಿಸುತ್ತಿದ್ದನು.

ಬಂದೂಕೆಂದರೆ ಈ ನಾಡಿಗೆ ಬರಿಯ ಬೇಟೆಯ ಸಾಧನವಾಗಿರಲಿಲ್ಲ. 1857ರಲ್ಲಿ ಕಂಪನಿ ಸರಕಾರವು ಆಯುಧಗಳನ್ನು ದಾಖಲೆ ಮಾಡಿಸಬೇಕು, ಇಲ್ಲವೆ ಒಪ್ಪಿಸಬೇಕೆಂದು ಕಾಯ್ದೆ ತಂದಾಗ, ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಪೀಳಿಗೆಗಳಿಂದ ಕೈಯಲ್ಲಿದ್ದ ಹತಾರ ಬಿಟ್ಟು ಬದುಕುವುದು ಹೇಗೆಂಬುದು ಅವರ ಪ್ರಶ್ನೆ. ಆ ವರ್ಷದ ನವೆಂಬರ ತಿಂಗಳ ಕೊನೆಯಲ್ಲಿ ದಂಡು ಬಂದು ಹಳ್ಳಿಗೆ ಬೆಂಕಿಯಿಟ್ಟಿತು; ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಹಲಗಲಿಯ ಲಾವಣಿಯನ್ನು ಜೆ. ಎಫ್. ಫ್ಲೀಟರು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಆ ದುಃಖ ಇಂದಿಗೂ ಓದಲು ಸಿಗುತ್ತದೆ. ಮರುವರ್ಷ, 1858ರಲ್ಲಿ, ನವಲಗುಂದದ ನೆರೆಯ ನರಗುಂದದಲ್ಲಿ ಬಾಬಾಸಾಹೇಬನು ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದನು. 1878ರ ಆಯುಧ ಕಾಯ್ದೆ ದೇಶವನ್ನೆಲ್ಲ ಬಿಗಿಯಿತು. ಕೊಡಗಿನವರಿಗೆ ಮಾತ್ರ ಲೈಸೆನ್ಸಿನಿಂದ ವಿನಾಯತಿ ದೊರೆತು, ಅದು ಇಂದಿಗೂ ನಡೆದು ಬಂದಿದೆ. ಕೈಲ್‌ಪೊಳ್ದಿನ ದಿನ ಅವರು ತಮ್ಮ ಕೋವಿಗಳಿಗೆ ಹೂವೇರಿಸುತ್ತಾರೆ. ಉಳಿದವರಿಗೆ ಒಂದು ಪುಸ್ತಕ, ಒಂದು ಮೊಹರು, ಕಾಲಕಾಲಕ್ಕೆ ಕಚೇರಿಯ ಮೆಟ್ಟಿಲು. ಸ್ವತಂತ್ರ ಭಾರತದ 1959ರ ಕಾಯ್ದೆಯೂ ಬೆಳೆ ಕಾಯುವ ರೈತನನ್ನು ಮರೆಯಲಿಲ್ಲ; ಬಾಯಿಯಿಂದ ತುಂಬುವ ಬಂದೂಕಿನ ಹೆಸರನ್ನೇ ಎತ್ತಿ ಅವನಿಗೆ ಲೈಸೆನ್ಸಿಗೆ ಅವಕಾಶವಿಟ್ಟಿತು. ಅಜ್ಜನ ಲೈಸೆನ್ಸು ಆ ಬಗೆಯದು.

ಚುನಾವಣೆ ಘೋಷಣೆಯಾದಾಗಲೆಲ್ಲ ಬಂದೂಕು ಪೋಲೀಸ ಠಾಣೆಗೆ ಹೋಗಬೇಕು. ಮತ ಎಣಿಕೆ ಮುಗಿದ ಮೇಲೆ ತಿರುಗಿ ಬರಬೇಕು. ಪಂಚಾಯತಿ, ವಿಧಾನಸಭೆ, ಲೋಕಸಭೆಗಳ ಲೆಕ್ಕದಲ್ಲಿ ಆ ಮುದಿ ಬಂದೂಕು ಮಾಡಿದಷ್ಟು ಪ್ರಯಾಣವನ್ನು ಅಜ್ಜನೂ ಮಾಡಿರಲಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಅದನ್ನು ಒಯ್ದವನು ಮೊಮ್ಮಗ. ಅವನೀಗ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಸಂಸಾರಸ್ಥ. ಅಜ್ಜನಿಗೆ ಎಂಬತ್ತೈದು ಮೀರಿತ್ತು. ಕಣ್ಣಿಗೆ ಪೊರೆ, ಕೈಗೆ ನಡುಕ. ಚುನಾವಣೆ ಮುಗಿದ ಮೇಲೆ ಮೊಮ್ಮಗನು ಕೇಳಿದನು:

“ಅಜ್ಜಾ, ಬಂದೂಕು ತರೂದೋ, ಲೈಸೆನ್ಸ್ ತಿರುಗಿ ಒಪ್ಪಿಸೂದೋ? ನಿನಗಂತೂ ಇನ್ನ ಹೊಡಿಯಾಕ ಆಗೂದಿಲ್ಲ. ನಾ ನನ್ನ ಹೆಸರಿಗೆ ಮಾಡಿಸ್ಕೋಬೇಕಂದ್ರ ಮಾಡಿಸ್ಕೋತೀನಿ.”

ಅಜ್ಜ ಬಹಳ ಹೊತ್ತು ಸುಮ್ಮನಿದ್ದನು. ಬಳಿಕ, ಐವತ್ತು ವರ್ಷ ಯಾರಿಗೂ ಹೇಳದ ಮಾತನ್ನು ಹೇಳಿದನು.

1972. ಮಳೆ ಕೈಕೊಟ್ಟ ವರ್ಷ. ಬಯಲುಸೀಮೆಯಲ್ಲಿ ಬಿತ್ತಿದ ಬೀಜವೂ ಹುಟ್ಟದೆ, ಜನ ಕೂಲಿ ಹುಡುಕುತ್ತ ಊರೂರು ಅಲೆದ ಕಾಲ. ಕಲಘಟಗಿಯ ಕಡೆಯೂ ಕೆರೆಯ ಕೆಳಗಿನ ನಾಲ್ಕು ಗದ್ದೆಗಳ ಹೊರತು ಎಲ್ಲವೂ ಒಣಗಿದ್ದವು. ಆ ನಾಲ್ಕರಲ್ಲಿ ಒಂದು ಅಜ್ಜನದು. ಅಡವಿಯಲ್ಲಿಯೂ ತಿನ್ನಲು ಏನೂ ಇರಲಿಲ್ಲವಾಗಿ ಹಂದಿಗಳ ಹಾವಳಿ ಮಿತಿಮೀರಿತ್ತು. ಕಾಡುಪ್ರಾಣಿಗಳನ್ನು ಕೊಲ್ಲಬಾರದೆಂಬ ಹೊಸ ಕಾಯ್ದೆ ಅದೇ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಆಗಿತ್ತು. ಅದರ ಸುದ್ದಿ ಆ ಹಳ್ಳಿಗೆ ಮುಟ್ಟಿರಲಿಲ್ಲ. ಅಜ್ಜನು ಅಲ್ಲಿಯವರೆಗೆ ಗುರಿ ತಪ್ಪದ ಬೇಟೆಗಾರನೆಂದು ಹೆಸರಾದವನು.

ಕಾರ್ತಿಕದ ಒಂದು ರಾತ್ರಿ. ಮಸುಕು ಬೆಳದಿಂಗಳು. ನಡುರಾತ್ರಿ ಮೀರಿದ ಮೇಲೆ ಗದ್ದೆಯ ಅಂಚಿನಲ್ಲಿ ತೆನೆಗಳು ಸರಸರನೆ ಅಲುಗಿದವು. ಕರಿಯದೊಂದು ಆಕಾರ ನೆಲಕ್ಕೆ ಬಾಗಿ ಮೆಲ್ಲನೆ ಮುಂದೆ ಸರಿಯುತ್ತಿತ್ತು. ಹಂದಿಯೇ ಸರಿ. ಅಜ್ಜನು ಮಂಚಿಕೆಯ ಮೇಲೆ ಮೊಳಕಾಲೂರಿ, ಕುದುರೆಯನ್ನೆತ್ತಿ, ಗುರಿ ಹಿಡಿದನು. ಬೆರಳು ಕೀಲನ್ನು ಮುಟ್ಟಿತ್ತು. ಆಗ ಬಳೆಯ ಸಪ್ಪಳವಾಯಿತು.

ಹಂದಿಗೆ ಬಳೆಯಿಲ್ಲ.

“ಕೈ ನಡುಗಾಕ ಹತ್ತಿತು ತಮ್ಮಾ” ಎಂದನು ಅಜ್ಜ. “ಕುದುರಿ ಇಳಿಸಾಕ ಹ್ವಾದರ ಜಾರಿ ಈಡು ಹಾರೀತಂತ ಅಂಜಿಕಿ. ಹಂಗ ಎತ್ತಿ ಹಿಡಕೊಂಡು ಉಗುರಿಲೆ ಕೇಪು ಕಿತ್ತಿ ಒಗದೆ. ಆಮ್ಯಾಲೆ ಜೋರಾಗಿ ಕೆಮ್ಮಿದೆ.”

ಆಕಾರವು ಕ್ಷಣಕಾಲ ಕಲ್ಲಾಗಿ ನಿಂತು, ಆಮೇಲೆ ಬದು ಹಾರಿ ಓಡಿಹೋಯಿತು. ಅಜ್ಜನು ಇಳಿದು ನೋಡಿದಾಗ ಗದ್ದೆಯಲ್ಲಿ ಒಂದು ಬುಟ್ಟಿ ಬಿದ್ದಿತ್ತು. ಅದರಲ್ಲಿ ಎರಡು ಹಿಡಿ ತೆನೆ. ಬುಟ್ಟಿಯ ಹರಿದ ಅಂಚನ್ನು ಹೊಲಿದಿದ್ದ ದಾರವನ್ನು ನೋಡಿಯೇ ಅದು ಯಾರ ಮನೆಯದೆಂದು ಅವನಿಗೆ ತಿಳಿಯಿತು. ಅದನ್ನು ಅಲ್ಲಿಯೇ ಬಿಟ್ಟು, ಇನ್ನೂ ನಾಲ್ಕು ಹಿಡಿ ಕೊಯ್ದು ಹಾಕಿ ಬಂದನು. ಮರುದಿನದ ಬೆಳಗಿಗೆ ಬುಟ್ಟಿ ಇರಲಿಲ್ಲ.

ಬಾಯಿಯಿಂದ ತುಂಬಿದ ಈಡನ್ನು ಹಾರಿಸದೆ ಹೊರತೆಗೆಯುವುದು ಕಷ್ಟ. ಬೆಳಗು ಹರಿದ ಮೇಲೆ ಅಜ್ಜನು ಹೊಸ ಕೇಪು ತೊಡಿಸಿ, ಬದುವಿನ ಮಣ್ಣಿಗೆ ನಳಿಗೆಯನ್ನು ತಗ್ಗಿಸಿ ಆ ಗುಂಡನ್ನು ಹಾರಿಸಿದನು. ಅದೇ ಕೊನೆ. ಮುಂದಿನ ಐವತ್ತು ವರ್ಷ ಆ ಬಂದೂಕಿಗೆ ಮದ್ದು ಬಿತ್ತು, ಚಿಂದಿ ಬಿತ್ತು, ಸೀಸ ಬೀಳಲಿಲ್ಲ. ಸಪ್ಪಳಕ್ಕೆ ಹಂದಿಗಳು ಓಡುತ್ತಿದ್ದವು. ಕೆಲವು ಸಲ ಓಡುತ್ತಲೂ ಇರಲಿಲ್ಲ. ಗದ್ದೆಯಂಚಿನ ಎರಡು ಸಾಲನ್ನು ಅಜ್ಜನು ಕೊಯ್ಯದೆ ಬಿಡುವ ರೂಢಿಯೂ ಆ ವರ್ಷದಿಂದಲೇ ಮೊದಲಾಯಿತು. ಸೀಗಿ ಹುಣ್ಣಿಮೆಯ ಚರಗದ ಹಾಗೆ ಅದು ಭೂತಾಯಿಯ ಪಾಲೆಂದು ಮನೆಯವರು ತಿಳಿದಿದ್ದರು.

“ಆಕಿ ಯಾರು ಅಜ್ಜಾ?” ಎಂದು ಮೊಮ್ಮಗನು ಕೇಳಿದನು.

“ಹೆಸರು ತಗೊಂಡು ನೀ ಏನ್ ಮಾಡ್ತಿ? ಆಕಿ ಮಕ್ಕಳು ಈಗ ಸುಖದಾಗ ಅದಾರ” ಎಂದನು ಅಜ್ಜ.

ಮೊಮ್ಮಗನಿಗೆ ಶಾಲೆಯ ಅಂಗಳದ ನಗು ನೆನಪಾಯಿತು. ಊರೆಲ್ಲ ಗುರಿಗೇಡಿಯೆಂದು ನಕ್ಕರೂ ಅಜ್ಜನು ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಒಬ್ಬಳ ಮಾನ ಹೋಗುತ್ತಿತ್ತು. ಆ ನಗುವಿಗೆ ತಾನೂ ನಾಚಿ ತಲೆ ತಗ್ಗಿಸಿದ್ದನ್ನು ನೆನೆದು ಈಗ ಬೇರೊಂದು ನಾಚಿಕೆ ಅವನನ್ನು ಹಿಡಿಯಿತು.

ಲೈಸೆನ್ಸಿನ ಅವಧಿಯನ್ನು 2019ರ ತಿದ್ದುಪಡಿ ಐದು ವರ್ಷಗಳಿಗೆ ಬೆಳೆಸಿದೆ; ಬೇಕೆಂದರೆ ಮುಂದುವರಿಸಲು ಅಡ್ಡಿಯಿರಲಿಲ್ಲ. ಹಾವಳಿಯೂ ತಗ್ಗಿಲ್ಲ. ಬೇಸತ್ತ ಕೆಲವರು ಬೇಲಿಗೆ ಕಳ್ಳತನದಿಂದ ವಿದ್ಯುತ್ತು ಹರಿಸುತ್ತಾರೆ. ಅದು ಹಂದಿ, ಆನೆ, ಮನುಷ್ಯ ಎಂದು ಆರಿಸುವುದಿಲ್ಲ, ಕೆಮ್ಮುವುದೂ ಇಲ್ಲ. ಸೌರ ಬೇಲಿಯ ಮಂದ ಪೆಟ್ಟು ಅದಕ್ಕಿಂತ ಎಷ್ಟೋ ವಾಸಿ. ಮೊಮ್ಮಗನು ಇದನ್ನೆಲ್ಲ ತೂಗಿ ನೋಡಿ, ಬಂದೂಕನ್ನು ಠಾಣೆಯಿಂದ ತಿರುಗಿ ತರಲಿಲ್ಲ. ಲೈಸೆನ್ಸನ್ನು ಒಪ್ಪಿಸಿ ರಸೀತಿಯನ್ನು ತಂದು ಅಜ್ಜನ ಕೈಗಿತ್ತನು. ಅಜ್ಜ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಮಡಚಿ, ದೇವರ ಪಟದ ಹಿಂದಿಟ್ಟನು. ಗೋಡೆಯ ಮೇಲೆ ಎರಡು ಗೂಟಗಳು ಹಾಗೆಯೇ ಉಳಿದಿವೆ; ಒಂದಕ್ಕೆ ಛತ್ರಿ, ಇನ್ನೊಂದಕ್ಕೆ ಕೈಚೀಲ.

ಆ ವರ್ಷದ ಸುಗ್ಗಿಗೆ ಗದ್ದೆ ಕೊಯ್ಯಲು ಯಂತ್ರ ಬಂದಿತು. ಅಂಚಿನವರೆಗೂ ಕೊಯ್ದುಕೊಂಡು ಬರುತ್ತಿದ್ದ ಚಾಲಕನಿಗೆ ಮೊಮ್ಮಗನು ಬದುವಿನ ಮೇಲೆ ನಿಂತು ಕೈಯೆತ್ತಿ ತಡೆದನು.

“ಆ ಎರಡು ಸಾಲು ಇರ್ಲಿ ಬಿಡ್ರಿ.”

“ಯಾಕ್ರೀ ಸರ? ಭತ್ತ ಚಲೋ ಐತಲ್ರಿ.”

“ಇರ್ಲಿ” ಎಂದಷ್ಟೇ ಹೇಳಿ ಅವನು ಮುಂದೆ ನಡೆದನು.

ಆ ಎರಡು ಸಾಲು ಈಗ ಬಹುಮಟ್ಟಿಗೆ ಹಂದಿಗಳ ಪಾಲೇ ಆಗುತ್ತದೆ.