ಕೆಂಪಿನ ಮುಂದೆ ಅಪ್ಪ

ನ್ಯೂಯಾರ್ಕಿನ 53ನೇ ಬೀದಿಯಲ್ಲಿರುವ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಅಪ್ಪನನ್ನು ಕರೆದುಕೊಂಡು ಹೋದದ್ದು ಚಿತ್ರ ತೋರಿಸಲಿಕ್ಕಲ್ಲ. ಹೊರಗೆ ವಿಪರೀತ ಚಳಿ, ಅಪ್ಪನಿಗೆ ಮಂಡಿನೋವು. ಒಳಗೆ ಬೆಚ್ಚಗೆ ಒಂದಿಷ್ಟು ಹೊತ್ತು ಕೂರಬಹುದು ಎಂಬುದಷ್ಟೇ ನನ್ನ ಲೆಕ್ಕಾಚಾರ.

ಒಂದು ಕೋಣೆಯಲ್ಲಿ ಅಪ್ಪ ನಿಂತುಬಿಟ್ಟ. ಎದುರಿಗೆ ಗೋಡೆಯ ತುಂಬ ಕೆಂಪು. ಬಾರ್ನೆಟ್ ನ್ಯೂಮನ್ 1950-51ರಲ್ಲಿ ಬರೆದ ‘ವಿರ್ ಹೀರೋಯಿಕಸ್ ಸಬ್ಲಿಮಿಸ್’. ಲ್ಯಾಟಿನ್ ಹೆಸರು, ಧೀರ, ಭವ್ಯ ಮನುಷ್ಯ ಎಂದರ್ಥ. ಸುಮಾರು 8 ಅಡಿ ಎತ್ತರ, 18 ಅಡಿ ಅಗಲ. ಮೇಲಿನಿಂದ ಕೆಳಗಿನವರೆಗೆ 5 ಸಪೂರ ಪಟ್ಟಿಗಳು. ಒಂದು ಬೆಳ್ಳಗೆ ಎದ್ದು ಕಾಣುತ್ತದೆ, ಕೆಲವು ಕೆಂಪಿನಲ್ಲೇ ಅಡಗಿ ಕೂತಂತಿವೆ. ಮನುಷ್ಯನೂ ಇಲ್ಲ, ಮರವೂ ಇಲ್ಲ. ಅಷ್ಟೇ ಚಿತ್ರ.

ಅಪ್ಪ ಮೂಗು ತಾಗುವಷ್ಟು ಹತ್ತಿರ ಹೋಗಿ, ಕತ್ತು ಓರೆ ಮಾಡಿ, ಬೆಳಕಿಗೆ ಹಿಡಿದು ನೋಡುವವನಂತೆ ನೋಡತೊಡಗಿದ. ಸುತ್ತಲಿನವರು ಏನಂದುಕೊಂಡಾರು ಎಂದು ನಾನು ಅವನ ಸ್ವೆಟರ್ ಜಗ್ಗಿದೆ. “ಅಪ್ಪ, ಹಿಂದೆ ಬಾ.”

“ಜಾಯಿಂಟ್ ಎಲ್ಲೂ ಕಾಣಲ್ವಲ್ಲೋ” ಅಂದ.

ಅಪ್ಪ ತುಮಕೂರಿನಲ್ಲಿ ಗಾರೆ ಕೆಲಸದವನು. ರೆಡ್ ಆಕ್ಸೈಡ್ ನೆಲಕ್ಕೆ ಹೆಸರಾದವನು. ಸಿಮೆಂಟಿಗೆ ಕೆಂಪು ಪುಡಿ ಕಲಸಿ, ಇಡೀ ಕೋಣೆಯ ನೆಲವನ್ನು ಒಂದೇ ದಿನದಲ್ಲಿ ಎಳೆದು ಮುಗಿಸಬೇಕು. ಅರ್ಧಕ್ಕೆ ಬಿಟ್ಟು ಮಾರನೇ ದಿನ ಮುಂದುವರಿಸಿದರೆ ನಡುವಿನ ಗೆರೆ ಆ ಮನೆ ಇರುವವರೆಗೂ ಉಳಿಯುತ್ತದೆ. ಹಾಗಾಗಿ ಅವನು ರಾತ್ರಿ ಹತ್ತಕ್ಕೆ, ಹನ್ನೊಂದಕ್ಕೆ ಮನೆಗೆ ಬರುತ್ತಿದ್ದ. ಎಷ್ಟು ತೊಳೆದರೂ ಉಗುರಿನ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಎಂಟನೇ ಕ್ಲಾಸಿನ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ಬಿಸಿನೆಸ್’ ಎಂದು ಬರೆದೆ. ಅಪ್ಪ ಅದನ್ನು ಓದಿ, ಏನೂ ಹೇಳದೆ ಕೆಳಗೆ ಸಹಿ ಹಾಕಿದ್ದ.

ಆಮೇಲೆ ಟೈಲ್ಸ್ ಬಂತು. ಕೆಂಪು ನೆಲ ಹಾಕಿಸುವವರು ಕಡಿಮೆಯಾದರು.

“ಒಂದೇ ದಿನದಲ್ಲಿ ಮಾಡಿದ್ನಾ?” ಅಪ್ಪ ಕೇಳಿದ.

“ಇಲ್ಲ, 1950, 51 ಅಂತ ಹಾಕಿದಾರೆ.”

“ಪುಣ್ಯವಂತ ಬಿಡು. ನಮಗೆ ಅಷ್ಟೆಲ್ಲ ಟೈಮ್ ಯಾರು ಕೊಡ್ತಿದ್ರು?” ಅಂತ ನಕ್ಕ. ಮತ್ತೆ ಬಿಳಿ ಪಟ್ಟಿಯ ಕಡೆ ಬೆರಳು ತೋರಿಸಿ, “ಇದಿಲ್ಲದಿದ್ರೆ ಕೆಂಪು ಎಷ್ಟು ದೊಡ್ಡದು ಅಂತ ಗೊತ್ತೇ ಆಗ್ತಿರಲಿಲ್ಲ. ನಾವೂ ಅಂಚಿಗೆ ಕಪ್ಪು ಪಟ್ಟಿ ಹಾಕ್ತಿದ್ವಲ್ಲ, ಅದಕ್ಕೇ” ಅಂದ.

ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು, ಇವರು ಇಷ್ಟು ಹೊತ್ತು ಏನು ನೋಡುತ್ತಿದ್ದಾರೆ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಬಾಯಿಗೆ ಬಂದ ಮೊದಲ ಉತ್ತರ ‘ಸುಮ್ಮನೆ’ ಎಂಬುದು. ಅದನ್ನು ನುಂಗಿಕೊಂಡು, ನಮ್ಮಪ್ಪ ಕೆಂಪು ನೆಲ ಹಾಕುತ್ತಿದ್ದವರು, ಕೈಯಿಂದ, ಕರಣೆಯಿಂದ ಎಂದೆ. ಯಾವ ಭಾಷೆಯಲ್ಲೇ ಆಗಲಿ, ಹೊರಗಿನವರ ಎದುರು ನಾನು ಈ ಮಾತು ಹೇಳಿದ್ದು ಅದೇ ಮೊದಲು. ಅವರು ಅಪ್ಪನ ಕಡೆ ತಿರುಗಿ ತಲೆಬಾಗಿಸಿದರು. ಅಪ್ಪನಿಗೆ ಇಂಗ್ಲಿಷ್ ಬಾರದು. ಆದರೂ ತನ್ನ ಬಗ್ಗೆಯೇ ಮಾತು ಎಂದು ತಿಳಿದು, ಎರಡೂ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ನಮಸ್ಕಾರ ಮಾಡಿದ.

ಮನೆಗೆ ಬಂದ ಮೇಲೆ ನ್ಯೂಮನ್ ಬಗ್ಗೆ ಓದಿದೆ. 1951ರಲ್ಲಿ ಬೆಟ್ಟಿ ಪಾರ್ಸನ್ಸ್ ಗ್ಯಾಲರಿಯ ಪ್ರದರ್ಶನದಲ್ಲಿ ಅವನು ಗೋಡೆಗೆ ಒಂದು ಚೀಟಿ ಅಂಟಿಸಿದ್ದನಂತೆ: ದೊಡ್ಡ ಚಿತ್ರಗಳನ್ನು ಜನ ದೂರದಿಂದ ನೋಡುತ್ತಾರೆ, ಇವನ್ನು ದಯವಿಟ್ಟು ಹತ್ತಿರದಿಂದ ನೋಡಿ ಎಂಬರ್ಥದ್ದು. ಅಪ್ಪನಿಗೆ ಓದಿ ಹೇಳಿದೆ.

“ಮತ್ತೆ ನೀನ್ಯಾಕೆ ನನ್ನ ಹಿಂದಕ್ಕೆಳೆದೆ?” ಅಂದ.

ನನ್ನಲ್ಲಿ ಉತ್ತರವಿರಲಿಲ್ಲ. ಅವನ ಮಂಡಿಗೆ ಎಣ್ಣೆ ಹಚ್ಚುತ್ತಾ ಕೂತೆ.