ಹಬ್ಬದ ಡಬ್ಬಿ, ಹಿತ್ತಲ ಬಾಟಲಿ

ನವೆಂಬರ್ ಬಂತೆಂದರೆ ರಾಮದುರ್ಗ ತಾಲ್ಲೂಕಿನ ಕಟಕೋಳದ ಸುತ್ತಿನ ರಸ್ತೆಗಳೆಲ್ಲ ಕಬ್ಬಿನ ಟ್ರ್ಯಾಕ್ಟರುಗಳ ಸ್ವಾಧೀನ. ಒಂದು ಇಂಜಿನ್ನು, ಹಿಂದೆ ಎರಡು ಟ್ರೇಲರು, ಅವುಗಳ ಮೇಲೆ ಆಳೆತ್ತರಕ್ಕೂ ಮೀರಿದ ಕಬ್ಬು, ಇಷ್ಟು ಸಾಲದೆಂಬಂತೆ ಸೀಮೆಗೆಲ್ಲ ಕೇಳುವ ಜಾನಪದ ಹಾಡು. ಹಿಂದೆ ಸಿಕ್ಕಿಕೊಂಡ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಸಾಕಾಗಿ ಸುಮ್ಮನಾಗುತ್ತಾನೆ. ಆ ಕಬ್ಬು ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಕಾರ್ಖಾನೆಗೋ, ಕಿತ್ತೂರು ಕಡೆಯದಾದರೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗೋ ಹೋಗುತ್ತದೆ. ಅಲ್ಲಿ ಸಕ್ಕರೆಯಾಗುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪನೆಯ ಅಂಟು ಕಾಕಂಬಿಯ ಸುದ್ದಿಯನ್ನು ಮಾತ್ರ ಹಬ್ಬದ ದಿನ ಯಾರೂ ಎತ್ತುವುದಿಲ್ಲ.

ಕಾಕಂಬಿ ಡಿಸ್ಟಿಲರಿಗೆ ಹೋಗುತ್ತದೆ. ಹುಳಿ ಬಂದು, ಭಟ್ಟಿಯಿಳಿದು ಸ್ಪಿರಿಟ್ ಆಗುತ್ತದೆ. ಈಚಿನ ವರ್ಷಗಳಲ್ಲಿ ಅದರ ದೊಡ್ಡ ಪಾಲು ಎಥನಾಲ್ ಆಗಿ ಪೆಟ್ರೋಲಿನಲ್ಲಿ ಬೆರೆತು ಮೋಟರ್‌ಸೈಕಲ್ಲಿನ ಹೊಟ್ಟೆ ಸೇರುತ್ತಿದೆ. ಉಳಿದದ್ದರಲ್ಲಿ ಒಂದಷ್ಟಕ್ಕೆ ಬಣ್ಣ, ಪರಿಮಳ, ಸ್ವಲ್ಪ ಮಾಲ್ಟು ಕೂಡಿ ‘ವಿಸ್ಕಿ’ ಎಂಬ ಚೀಟಿ ಅಂಟುತ್ತದೆ. ನಮ್ಮ ದೇಶದ ಅಗ್ಗದ ವಿಸ್ಕಿಗಳಲ್ಲಿ ಬಹಳಷ್ಟು ಹುಟ್ಟಿದ್ದು ಹೀಗೆಯೇ. ಯುರೋಪಿನಲ್ಲಿ ಇದನ್ನು ವಿಸ್ಕಿ ಎಂದು ಮಾರುವ ಹಾಗಿಲ್ಲ. ಅಲ್ಲಿಯ ಕಾನೂನಿನ ಪ್ರಕಾರ ವಿಸ್ಕಿ ಧಾನ್ಯದಿಂದಲೇ ಆಗಬೇಕು, ಕಟ್ಟಿಗೆಯ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಕೂಡಬೇಕು. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ ಬಾರ್ಲಿಯ ಸಿಂಗಲ್ ಮಾಲ್ಟ್ ಮಾಡಿ 2004ರಲ್ಲಿ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿ ಬಂದಿತು. ಸ್ಕಾಚಿನ ತವರಿಗೆ ಹೋಗಿ ಕನ್ನಡ ನಾಡಿನವರು ವಿಸ್ಕಿ ಮಾರಿದ ಆ ಧೈರ್ಯಕ್ಕೆ ಒಂದು ಶಹಬ್ಬಾಸ್ ಹೇಳಬೇಕು. ಆದರೆ ನಮ್ಮೂರ ಅಂಗಡಿಯ ಮಾಮೂಲಿ ಬಾಟಲಿಗೂ ಬಾರ್ಲಿಗೂ ಸಂಬಂಧ ಅಷ್ಟಕ್ಕಷ್ಟೆ.

ಹೀಗಿರುವಾಗ ವಿಸ್ಕಿಗೆ ಸಕ್ಕರೆ ಬೆರೆಸಿ ಲಿಕ್ಯೂರ್ ಮಾಡುವುದೆಂದರೆ ಕಾರ್ಖಾನೆಯ ಗೇಟಿನಲ್ಲಿ ಪಾಲಾಗಿ ಹೋದ ಅಣ್ಣತಮ್ಮಂದಿರನ್ನು ಮತ್ತೆ ಒಂದೇ ಮನೆಯಲ್ಲಿ ಕೂಡಿಸಿದಂತೆ.

ಲಿಕ್ಯೂರು ಎಂದರೆ ಸಿಹಿ ಮಾಡಿದ, ಪರಿಮಳ ಹಾಕಿದ ಮದ್ಯ. ಯುರೋಪಿನ ನಿಯಮದಲ್ಲಿ ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆ, ನೂರಕ್ಕೆ 15ರಷ್ಟಾದರೂ ಆಲ್ಕೊಹಾಲು ಇದ್ದರೆ ಮಾತ್ರ ಆ ಹೆಸರು. ಸ್ಕಾಟ್ಲೆಂಡಿನ ಡ್ರಾಂಬುಯಿಯಲ್ಲಿ ವಿಸ್ಕಿಗೆ ಜೇನು, ಮೂಲಿಕೆಗಳು ಕೂಡುತ್ತವೆ. ಸೋತು ಓಡಿದ ರಾಜಕುಮಾರನೊಬ್ಬ ತನಗೆ ಆಸರೆ ಕೊಟ್ಟವರಿಗೆ ಅದರ ಗುಟ್ಟನ್ನು ಬಳುವಳಿ ಕೊಟ್ಟನೆಂದು ಕತೆ ಕಟ್ಟಿದ್ದಾರೆ. ಐರ್ಲೆಂಡಿನ ಬೇಲೀಸ್ 1974ರಲ್ಲಿ ಬಂದದ್ದು, ವಿಸ್ಕಿಗೆ ಹಾಲಿನ ಕೆನೆ ಸೇರಿಸಿ. ಸ್ಕಾಟರು ಹೊಸ ವರ್ಷಕ್ಕೆ ಓಟ್ಸ್ ನೆನೆಸಿದ ನೀರು, ಜೇನು, ವಿಸ್ಕಿ ಕೂಡಿಸಿ ‘ಅಥೊಲ್ ಬ್ರೋಸ್’ ಮಾಡಿಕೊಳ್ಳುತ್ತಾರೆ. ಅಂಬಲಿಗೆ ವಿಸ್ಕಿ ಎಂದರೆ ನಮ್ಮ ಹಿರಿಯರು ಏನೆನ್ನುತ್ತಿದ್ದರೋ! ನಮ್ಮಲ್ಲೂ ರಾಜಸ್ಥಾನದ ಅರಮನೆಗಳಲ್ಲಿ ಕೇಸರ್ ಕಸ್ತೂರಿಯಂಥ ಮಸಾಲೆ ಮದ್ಯಗಳಿದ್ದವು. ಅಂದರೆ ಮದ್ಯಕ್ಕೆ ಯಾಲಕ್ಕಿ, ಕೇಸರಿ ಹಾಕುವ ಬುದ್ಧಿ ಹೊರಗಿನಿಂದ ಬರಬೇಕಾಗಿರಲಿಲ್ಲ.

ಕಟಕೋಳದಿಂದ ಹೋಗಿ ಬೆಂಗಳೂರಿನ ಕಂಪನಿ ಸೇರಿದ ಹುಡುಗನೊಬ್ಬ ಗೆಳೆಯರಿಂದ ಈ ವಿದ್ಯೆ ಕಲಿತ ಎಂದು ಇಟ್ಟುಕೊಳ್ಳೋಣ. ಅಂಥವರು ಈಗ ಕಡಿಮೆಯೇನಿಲ್ಲ. ಮಾಡುವುದು ಬಹಳ ಸುಲಭ. 750 ಮಿ.ಲೀ. ವಿಸ್ಕಿ, ಎರಡು ಕಿತ್ತಳೆಯ ಸಿಪ್ಪೆ, ಐದಾರು ಯಾಲಕ್ಕಿ, ಎರಡು ಲವಂಗ, ಬೆರಳಿನ ಅರ್ಧದಷ್ಟು ದಾಲ್ಚಿನ್ನಿ. ಕೌಶಲವೆಲ್ಲ ಸಿಪ್ಪೆಯಲ್ಲಿದೆ. ಮೇಲಿನ ಕೇಸರಿ ಬಣ್ಣದ ಪದರಷ್ಟೇ ಬರುವಂತೆ ಚಾಕುವನ್ನು ಮಲಗಿಸಿ ಹೆರೆಯಬೇಕು. ಒಳಗಿನ ಬಿಳಿ ಹತ್ತಿಯಂಥ ಭಾಗ ಬಂತೋ, ಇಡೀ ಬಾಟಲಿ ಕಹಿ. ಯಾಲಕ್ಕಿಯನ್ನು ಬಾಯಿ ಬಿಡುವಷ್ಟೇ ಜಜ್ಜಬೇಕು. ಎಲ್ಲವನ್ನೂ ಗಾಜಿನ ಭರಣಿಗೆ ಹಾಕಿ, ಬಿಸಿಲು ತಾಗದ ಕಪಾಟಿನಲ್ಲಿಟ್ಟು ಎರಡು ಮೂರು ವಾರ ಆಗಾಗ ಅಲುಗಿಸುತ್ತಿದ್ದರೆ ಸಾಕು. ಸಿಪ್ಪೆಯ ಎಣ್ಣೆ, ಯಾಲಕ್ಕಿಯ ಎಣ್ಣೆ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆಲ್ಕೊಹಾಲಿನಲ್ಲಿ ಕರಗುತ್ತವೆ. ಇಷ್ಟೇ ಇದರ ಶಾಸ್ತ್ರ. ಆಮೇಲೆ ಮಲ್ಮಲ್ ಬಟ್ಟೆಯಲ್ಲಿ ಸೋಸಿ, 200 ಗ್ರಾಂ ಸಕ್ಕರೆಗೆ ಸ್ವಲ್ಪ ನೀರು ಹಾಕಿ ಕಾಸಿ ಆರಿಸಿದ ಪಾಕ ಬೆರೆಸಿದರೆ ಒಟ್ಟು ಒಂದು ಲೀಟರಿನ ಆಸುಪಾಸು ಆಗುತ್ತದೆ. ಅಂಗಡಿಯ ವಿಸ್ಕಿ ನೂರಕ್ಕೆ 42.8ರದ್ದು, ಪಾಕ ಸೇರಿದ ಮೇಲೆ ಅದು 32ರ ಹತ್ತಿರಕ್ಕೆ ಇಳಿಯುತ್ತದೆ. ಸಿಹಿಯ ಮರೆಯಲ್ಲಿ ಆ 32 ನಾಲಿಗೆಗೆ ತಿಳಿಯುವುದಿಲ್ಲ, ಎದ್ದು ನಿಂತಾಗ ಕಾಲಿಗೆ ತಿಳಿಯುತ್ತದೆ.

ಇಲ್ಲಿ ಭಟ್ಟಿ ಇಳಿಸುವ ಮಾತೇ ಇಲ್ಲ. ಆದರೂ ‘ಮನೆಯಲ್ಲಿ ಮಾಡಿದ್ದು’ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಕಳ್ಳಭಟ್ಟಿಯೇ: ಕೊಳೆಬೆಲ್ಲ, ನವಸಾಗರ, ಹಳ್ಳದ ದಂಡೆಯ ಹೊಗೆ. ಆ ಭಯಕ್ಕೆ ಕಾರಣವಿದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮರುವರ್ಷವೇ ತಮಿಳುನಾಡಿನ ಗಡಿಯಲ್ಲಿ ಮತ್ತೊಂದು ದುರಂತ. ಎರಡೂ ಕಡೆ ಕೊಂದದ್ದು ಮೆಥನಾಲ್. ಸೀಲು ಒಡೆದ ಅಂಗಡಿ ಬಾಟಲಿಗೆ ಕಿತ್ತಳೆ ಸಿಪ್ಪೆ ಹಾಕಿದರೆ ಮೆಥನಾಲ್ ಹುಟ್ಟುವುದಿಲ್ಲ, ನಿಜ. ಆದರೆ ಅಬಕಾರಿ ಕಾನೂನಿನ ಕಣ್ಣು ದೊಡ್ಡದು, ಬಣ್ಣ ಪರಿಮಳ ಬೆರೆಸುವುದನ್ನೂ ಅದು ತಯಾರಿಕೆಯ ಲೆಕ್ಕಕ್ಕೇ ಹಿಡಿಯುತ್ತದೆ. ನಾಲ್ಕು ಬಾಟಲಿ ಮಾರಿ ಖರ್ಚು ಗಿಟ್ಟಿಸಿಕೊಳ್ಳೋಣ ಎಂದರಂತೂ ಪರವಾನಗಿ ಇಲ್ಲದೆ ಅದು ಸೀದಾ ಅಪರಾಧ.

ಮಾಡಿದ್ದಾಯಿತು. ಕೊಡುವುದು ಹೇಗೆ? ಕಷ್ಟ ಶುರುವಾಗುವುದೇ ಇಲ್ಲಿ.

ರಾಮದುರ್ಗ, ಬೈಲಹೊಂಗಲ ಸೀಮೆಯಲ್ಲಿ ಹಬ್ಬದ ಉಡುಗೊರೆಗೆ ಅದರದೇ ಒಂದು ನಡೆ ಇದೆ. ದೀಪಾವಳಿಗೆ ಚಕ್ಕುಲಿ, ಶಂಕರಪಾಳಿ, ಕರಚಿಕಾಯಿ, ಚೂಡಾ, ಉಂಡಿ ಎಲ್ಲ ತಾಟಿನಲ್ಲಿ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ, ಮುಂಬಾಗಿಲಿನಿಂದಲೇ ಒಳಗೆ ಕೊಂಡೊಯ್ಯುತ್ತಾರೆ. ಎಲ್ಲರ ಎದುರಿಗೆ ಬಟ್ಟೆ ಸರಿಯುತ್ತದೆ. ತೊಟ್ಟಿಲು ಬಿಟ್ಟ ಮಗುವಿನಿಂದ ಹಲ್ಲಿಲ್ಲದ ಆಯಿಯವರೆಗೆ ಎಲ್ಲರ ಕೈಗೂ ಒಂದೊಂದು ಹೋಗುತ್ತದೆ. ತಾಟನ್ನು ಬರಿದಾಗಿ ಮರಳಿಸುವಂತಿಲ್ಲ, ಚೂರು ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ಬಾಟಲಿಗೆ ಈ ಮರ್ಯಾದೆ ಒಂದೂ ಇಲ್ಲ. ಅದು ಪೇಪರಿನಲ್ಲಿ ಸುತ್ತಿಕೊಂಡು ಹಿತ್ತಲಿನಿಂದ ಬರಬೇಕು, ಗೆಳೆಯನೊಬ್ಬನ ಕೈ ಸೇರಬೇಕು, ಖಾಲಿಯಾದ ಮೇಲೂ ಬಚ್ಚಿಡಬೇಕು. ಎಷ್ಟು ಚಂದದ ರಿಬ್ಬನ್ ಕಟ್ಟಿದರೂ ಅದು ಹಬ್ಬದ ಉಡುಗೊರೆ ಆಗದೆ ಬರೀ ಗುಟ್ಟಾಗಿಯೇ ಉಳಿಯುತ್ತದೆ.

ಈ ಗುಟ್ಟಿಗೆ ಚರಿತ್ರೆಯ ಬೆಂಬಲವೂ ಇದೆ. ರಾಮದುರ್ಗ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷವೇ ಮುಂಬಯಿಯ ಪಾನನಿರೋಧ ಕಾಯ್ದೆ ಬಂತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಈ ಸೀಮೆ ಆ ಕಾಯ್ದೆಯ ನೆರಳಿನಲ್ಲೇ ಇತ್ತು. ಕುಡಿಯಲೇಬೇಕೆಂದವರು ಆರೋಗ್ಯದ ನೆವದ ಪರ್ಮಿಟ್ಟು ತೋರಿಸಬೇಕಿತ್ತು. ಆ ಕಾಯ್ದೆ ಮೊದಲು ಔಷಧ, ಅತ್ತರುಗಳಲ್ಲಿರುವ ಆಲ್ಕೊಹಾಲಿನ ಮೇಲೂ ಕೈ ಇಟ್ಟಿತ್ತು. 1951ರಲ್ಲಿ ಬಾಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಕಾಯ್ದೆಯ ಉಳಿದ ಬಹುಭಾಗ ನಿಂತಿತು.

ಕೋರ್ಟು ಹಾಗೆ ತಡೆದದ್ದು ಒಳ್ಳೆಯದೇ ಆಯಿತು. ಇಲ್ಲವಾದರೆ ಎಷ್ಟು ಬಾಣಂತಿಯರು ಆರೋಪಿಗಳಾಗುತ್ತಿದ್ದರು! ಹೆಂಡದ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುವ ಮನೆಗಳ ಗೂಡಿನಲ್ಲೂ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ ಇದ್ದೇ ಇರುತ್ತವೆ. ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಹಾಕಿ, ಬಾಯಿ ಮುಚ್ಚಿದ ಪಾತ್ರೆಯಲ್ಲಿ ವಾರಗಟ್ಟಲೆ ಹುಳಿಯಿಸಿದ ಮದ್ದು ಅದು. ತಾನಾಗಿ ಹುಟ್ಟಿದ ಆಲ್ಕೊಹಾಲು ಇದೆಯೆಂದು ಬಾಟಲಿಯ ಮೇಲೆ ಅಚ್ಚೂ ಆಗಿರುತ್ತದೆ. ಊಟದ ನಂತರ ಮುಚ್ಚಳದಲ್ಲಿ ಅಳೆದು, ಸಮ ನೀರು ಬೆರೆಸಿ ಕುಡಿಯುವ ಆ ಶಿಸ್ತನ್ನು ಯುರೋಪಿನವರು ಲಿಕ್ಯೂರಿಗೆ ಇಟ್ಟುಕೊಂಡಿದ್ದಾರೆ. ಅವರೂ ಅದನ್ನು ಕುಡಿಯುವುದು ಹೆಚ್ಚಾಗಿ ಊಟವಾದ ಮೇಲೆ, ಸಣ್ಣ ಗ್ಲಾಸಿನಲ್ಲಿ.

ಇನ್ನೊಂದು ಬೆಂಬಲ ಮಠದ್ದು. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿದರು. ಅಕ್ಕಿ ಜೋಳ ಬೇಡ, ನಿಮ್ಮ ಚಟಗಳನ್ನು ಇದರಲ್ಲಿ ಹಾಕಿ ಎಂದು ಬೇಡಿದರು. ‘ಮಹಾಂತ ಜೋಳಿಗೆ’ ಎಂದೇ ಅದು ಹೆಸರಾಯಿತು. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಬಾಟಲಿಯನ್ನು ಬಿಟ್ಟುಕೊಡುವುದೇ ದಾನವೆಂದು ಕೇಳಿದ ಸೀಮೆಯಲ್ಲಿ ಬಾಟಲಿಯನ್ನೇ ದಾನ ಕೊಡಲು ಹೊರಟವನ ಧೈರ್ಯ ಸ್ವಲ್ಪ ಅತಿಯೇ.

ಇದೇ ರಾಜ್ಯದಲ್ಲಿ ಬಾಟಲಿ ಮುಂಬಾಗಿಲಿನಿಂದ ಹೋಗುವ ಮನೆಗಳೂ ಇವೆ. ಮಂಗಳೂರಿನ ಕ್ರೈಸ್ತರು ಕ್ರಿಸ್‌ಮಸ್ಸಿಗೆ ನೆವ್ರ್ಯೊ, ಕಿಡಿಯೊ, ಗುಳಿಯೊ ಎಲ್ಲ ಸೇರಿದ ಕುಸ್ವಾರನ್ನು ನೆರೆಹೊರೆಗೆ ಹಂಚುತ್ತಾರೆ. ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು ಬಂದವರ ಮುಂದೆ ಸಣ್ಣ ಗ್ಲಾಸಿನಲ್ಲಿ ಬರುತ್ತದೆ. ಬೆಂಗಳೂರಿನ ಹಳೆಯ ಕ್ರೈಸ್ತ ಮನೆಗಳಲ್ಲಿ ಆ ವೈನಿಗೆ ಬೆಂಗಳೂರು ನೀಲಿ ದ್ರಾಕ್ಷಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ, ಹುಳಿ ಸಿಹಿ ಎರಡೂ ಇರುವ, ತೊಗಲು ದಪ್ಪನೆಯ ಹಣ್ಣು. ಕೇಕಿನ ಒಣಹಣ್ಣು ತಿಂಗಳುಗಟ್ಟಲೆ ಮೊದಲೇ ರಮ್ಮಿನಲ್ಲಿ ನೆನೆಯುತ್ತಿರುತ್ತದೆ. ಕೊಡಗಿನಲ್ಲಿ ನೆಲ್ಲಿಕಾಯಿ, ವೀಳ್ಯದೆಲೆ, ಕೊನೆಗೆ ಮೆಣಸಿನಕಾಯಿಯಿಂದಲೂ ಮನೆ ವೈನು ಮಾಡುತ್ತಾರೆ. ಅಲ್ಲೆಲ್ಲ ಅಜ್ಜಿಯೇ ಮಾಡುವವಳು, ಅಜ್ಜಿಯೇ ಬಡಿಸುವವಳು. ಯಾರಿಂದ ಮುಚ್ಚಿಡಬೇಕು?

ನಮ್ಮ ಕಡೆಯ ಅಜ್ಜಿಯರ ತಾಳ್ಮೆಗೆ ಬೇರೆ ಕೆಲಸವಿತ್ತು. ಸಂಕ್ರಾಂತಿಯ ಕುಸುರೆಳ್ಳು ಮಾಡುವುದನ್ನು ಹತ್ತಿರ ಕೂತು ನೋಡಿದವರಿಗೆ ಭರಣಿ ಅಲುಗಿಸುವ ಕೆಲಸ ಆಟವೆನ್ನಿಸುತ್ತದೆ. ಚಳಿ ಬಿಗಿಯಾಗಿರುವ ನಸುಕಿನಲ್ಲೇ ಕೂಡಬೇಕು. ಸೆಖೆಗೆ ಮುಳ್ಳು ಏಳುವುದಿಲ್ಲ. ಸಿಗಡಿಯಲ್ಲಿ ಬೂದಿ ಮುಚ್ಚಿದ ಕೆಂಡ, ಮೇಲೆ ಅಗಲ ಪರಾತ, ಪರಾತದಲ್ಲಿ ಹಿಡಿಯಷ್ಟು ಎಳ್ಳು. ಹಾಲು ಹಾಕಿ ಕೊಳೆ ತೆಗೆದ ತೆಳು ಸಕ್ಕರೆ ಪಾಕವನ್ನು ಒಂದೇ ಚಮಚ ಹನಿಸಿ ಬೆರಳ ತುದಿಯಿಂದ ಆಡಿಸುತ್ತಿರಬೇಕು. ಒಣಗಿದ ಮೇಲೆ ಮತ್ತೊಂದು ಚಮಚ. ಬೆರಳು ಸುಡುತ್ತದೆ, ಕೈ ನಿಲ್ಲಿಸಿದರೆ ಎಳ್ಳು ಒಂದಕ್ಕೊಂದು ಅಂಟುತ್ತದೆ. ಆತುರಪಟ್ಟು ಪಾಕ ಹೆಚ್ಚು ಸುರಿದರೆ ಗುಂಡಗೆ ನುಣ್ಣಗಾಗುತ್ತದೆ, ಮುಳ್ಳು ಬರುವುದಿಲ್ಲ. ದಿನಕ್ಕಿಷ್ಟು ಎಂದು ಹಲವು ದಿನ ಕೂತಾಗ ಒಂದೊಂದು ಕಾಳಿನ ಮೈಮೇಲೂ ಬಿಳಿಯ ಮೊನೆಗಳು ಎದ್ದು ನಿಲ್ಲುತ್ತವೆ. ಹೊಸ ಸೊಸೆಗೆ, ತೊಟ್ಟಿಲ ಕೂಸಿಗೆ ಇದನ್ನೇ ಪೋಣಿಸಿ ಆಭರಣ ತೊಡಿಸುತ್ತಾರೆ. ಸಂಜೆ ಮಕ್ಕಳು ಡಬ್ಬಿ ಹಿಡಿದು ಓಣಿಯೆಲ್ಲ ತಿರುಗಿ, ಹಿರಿಯರ ಕೈಗೆ ನಾಲ್ಕು ಕಾಳು ಹಾಕಿ ಕಾಲಿಗೆ ಬೀಳುತ್ತಾರೆ. ಈಗ ಬಹಳ ಮನೆಗಳಲ್ಲಿ ಅದು ಬಣ್ಣಬಣ್ಣದ ಪ್ಯಾಕೆಟ್ಟಾಗಿ ಕಿರಾಣಿ ಅಂಗಡಿಯಿಂದ ಬರುತ್ತದೆ. ರುಚಿ ಹೆಚ್ಚು ಕಡಿಮೆ ಅದೇ, ಸುಟ್ಟ ಬೆರಳು ಮಾತ್ರ ಯಾರದೂ ಅಲ್ಲ.

ಹಾಗಾಗಿ ಬೆಂಗಳೂರಿನ ಹುಡುಗನಿಗೆ ಕೊಡಬಹುದಾದ ಸಲಹೆ, ಎರಡು ಬಾಟಲಿ ಮಾಡಲಿ. ವಿಸ್ಕಿಯದು ಬೆಂಗಳೂರಿನ ಗೆಳೆಯರಿಗೆ, ಅಲ್ಲಿಯೇ ಇರಲಿ. ಊರಿನದಕ್ಕೆ ಅದೇ ಕಿತ್ತಳೆ ಸಿಪ್ಪೆ, ಅದೇ ಯಾಲಕ್ಕಿ ಲವಂಗ, ಜೊತೆಗೆ ಒಣಶುಂಠಿ, ನಾಲ್ಕು ಮೆಣಸಿನ ಕಾಳು. ವಿಸ್ಕಿಯ ಬದಲು ಬೆಲ್ಲದ ಪಾಕ. ನೀರು ಎಣ್ಣೆಯನ್ನು ಸುಲಭಕ್ಕೆ ಬಿಡಿಸಿಕೊಳ್ಳದ್ದರಿಂದ ಮಸಾಲೆಯನ್ನು ಪುಡಿ ಮಾಡಿಯೇ ಕುದಿಸಬೇಕು, ಸ್ವಲ್ಪ ಧಾರಾಳವಾಗಿ ಹಾಕಬೇಕು. ಸಿಹಿ ನೂರಕ್ಕೆ 65ರಷ್ಟು ಗಟ್ಟಿ ಇದ್ದರೆ ಬೂಸಲು ಸುಲಭಕ್ಕೆ ಹತ್ತುವುದಿಲ್ಲ. ತಣ್ಣೀರಿಗೆ ಎರಡು ಚಮಚ ಹಾಕಿದರೆ ಪಾನಕ, ಬಿಸಿನೀರಿಗೆ ಹಾಕಿದರೆ ಕಷಾಯ. ಇದು ತಾಟಿನಲ್ಲಿ ಚಕ್ಕುಲಿಯ ಪಕ್ಕ ರಾಜಾರೋಷವಾಗಿ ನಿಲ್ಲುತ್ತದೆ.

ಆದರೂ ಹುಡುಗ ಹುಡುಗನೇ. ಎರಡನ್ನೂ ಒಂದೇ ಚೀಲದಲ್ಲಿ ಊರಿಗೆ ತಂದಾನು. ಆಯಿ ಬೆಲ್ಲದ್ದನ್ನು ಒಂದು ಗುಟುಕು ಕುಡಿದು, “ಚಲೋ ಆಗೇತಿ ತಮ್ಮಾ, ಯಾಲಕ್ಕಿ ಹಾಕೂಮುಂದ ಮಾತ್ರ ಕೈ ಹಿಡದಿ ನೋಡು” ಎಂದಾಳು. ಅಷ್ಟಕ್ಕೇ ಸುಮ್ಮನಾದರೆ ಅವಳು ಆಯಿಯೇ ಅಲ್ಲ. “ಚೀಲದಾಗ ಇನ್ನೊಂದು ಬಾಟ್ಲಿ ಐತೆಲ್ಲೋ, ಅದನ್ಯಾಕ ಮುಚ್ಚಿಟ್ಟಿ? ತಗಿ ಹೊರಗ. ಮೊಣಕಾಲಿಗೆ ತಿಕ್ಕಾಕ ಚಲೋ ಆಗತೈತಿ.”

“ಆಯೀ, ಅದಕ್ಕ ಸಕ್ಕರಿ ಹಾಕೇನಿ, ಅಂಟತೈತಿ.”

“ಸೆರೇಕ ಸಕ್ಕರಿ ಹಾಕಿಯೇನು? ಎಲ್ಲಾ ಹಾಳ ಮಾಡೀದಿ ಬಿಡು.”